‘ಎಕ್ಸೆಲ್’ ಬಳಸಿ ಬರೆದ ವಾಕ್ಯ

ಇಂಗ್ಲಿಷಿನ ಒಂದು ಕ್ರಿಯಾಪದದ ಮೇಲೆ ನನಗೆ ಇನ್ನೂ ಸಿಟ್ಟಿದೆ. ಪದ ಬಡಪಾಯಿ, ಅದೇನು ಮಾಡೀತು ಎಂದು ನೀವು ಕೇಳಬಹುದು. ಕೇಳಿ. ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುವಂಥದ್ದು, ಈ ವಯಸ್ಸಿಗೆ ಅದನ್ನು ಅಲ್ಲಿಂದ ಇಳಿಸಲು ಹೋಗುವುದಿಲ್ಲ.

ಮೂವತ್ತರ ದಶಕದ ಮೊದಲ ವರ್ಷಗಳು. ನಮ್ಮ ಮನೆ ಕದ್ರಿ ಗುಡ್ಡದ ಇಳಿಜಾರಿನಲ್ಲಿ, ಶಾಲೆ ಬಲ್ಮಠದಲ್ಲಿ. ನೆರೆಮನೆಯ ಹುಡುಗಿಯೂ ನಾನೂ ಒಂದೇ ತರಗತಿ, ಒಂದೇ ಬೆಂಚು, ಹೋಗುವುದು ಬರುವುದು ಒಟ್ಟಿಗೆ. ಅದು ಶಾಲೆಯ ಕೊನೆಯ ವರ್ಷ. ಮದರಾಸಿನ ಟೀಚರ್ ಟ್ರೈನಿಂಗ್ ಸ್ಕೂಲಿಗೆ ನಮ್ಮ ಶಾಲೆಯಿಂದ ಒಬ್ಬಳನ್ನು ಕಳಿಸಬಹುದಿತ್ತು. ಊಟ, ವಸತಿ ಎಲ್ಲ ಅಲ್ಲಿಯದೇ. ಹೆಸರು ಕೊಡಬೇಕಾದವರು ನಮ್ಮ ಇಂಗ್ಲಿಷ್ ಟೀಚರ್, ಮದರಾಸಿನವರು. ಆ ಒಬ್ಬಳು ನಮ್ಮಿಬ್ಬರಲ್ಲೇ ಒಬ್ಬಳು ಎಂಬುದು ಇಡೀ ತರಗತಿಗೆ ಗೊತ್ತಿತ್ತು.

ನನಗೆ ಆ ಜಾಗ ಬೇಕಿತ್ತು. ಆಸೆಯಿತ್ತು ಎಂದು ಮೆತ್ತಗೆ ಹೇಳಿದರೆ ಸಾಲದು, ಬೇಕೇ ಬೇಕಿತ್ತು. ಯಾಕೆಂದರೆ ಕೂಳೂರು ಹೊಳೆಯ ಆಚೆಯ ಒಂದು ಮನೆಗೆ ನನ್ನನ್ನು ಕೊಡುವುದೆಂದು ಸೋದರಮಾವ ಮಾತಾಡಿ ಆಗಿತ್ತು. ಟ್ರೈನಿಂಗ್ ಸಿಕ್ಕಿದರೆ ಮದುವೆ ಮುಂದೆ ಹಾಕುತ್ತೇನೆ, ಇಲ್ಲದಿದ್ದರೆ ಈ ಬೇಸಗೆಯಲ್ಲೇ ಎಂದು ಅವರು ಹೇಳಿದ್ದರು. ಮಾವ ಒಮ್ಮೆ ಹೇಳಿದರೆ ಮುಗಿಯಿತು.

ಹೀಗಿರುವಾಗ ಒಂದು ದಿನ ಟೀಚರ್ ಬೋರ್ಡಿನ ಮೇಲೆ ‘ಎಕ್ಸೆಲ್’ ಎಂದು ಬರೆದರು. ಇತರರನ್ನು ಮೀರಿಸುವುದು, ಅವರಿಗಿಂತ ಮೇಲಾಗುವುದು ಎಂದು ಅರ್ಥ ಹೇಳಿದರು. ಬಳಸುವಾಗ ಮೂರು ಸಂಗತಿ ಸ್ಪಷ್ಟವಾಗಬೇಕು: ಯಾರು ಮೀರಿಸಿದ್ದು, ಯಾರನ್ನು, ಯಾವುದರಲ್ಲಿ. ನಾಳೆ ಎಲ್ಲರೂ ಒಂದೊಂದು ವಾಕ್ಯ ಬರೆದು ತರಬೇಕು, ಅದು ನಿಜವಾಗಿರಬೇಕು ಎಂದರು.

ಮದರಾಸಿನಲ್ಲಿ ಇದು ಸುಲಭವೋ ಏನೋ. ನಮ್ಮ ಮನೆಗಳಲ್ಲಿ ಅಂಥ ಮಾತನ್ನು ಆಡುವ ಕ್ರಮವೇ ಇರಲಿಲ್ಲ. ಮಗು ಚೆಂದವಿದೆ ಎಂದರೆ ತಾಯಿ ಹೆದರುತ್ತಿದ್ದಳು, ದೃಷ್ಟಿ ತಾಗುತ್ತದೆ ಎಂದು. ಸಾರು ರುಚಿಯಾಗಿದೆ ಎಂದರೆ ಮಾಡಿದವಳು ಉಪ್ಪು ಹೆಚ್ಚಾಯಿತು ಎನ್ನಬೇಕು. ದನ ಎಷ್ಟು ಹಾಲು ಕೊಡುತ್ತದೆ ಎಂದು ಕೇಳಿದರೆ ಕರುವಿಗೆ ಸಾಕು ಎನ್ನಬೇಕು.

ದೊಡ್ಡಮ್ಮ ಅಡಿಗೆಮನೆಯ ಹಿಂದೆ ಮೆಟ್ಟುಕತ್ತಿಯ ಮಣೆಯ ಮೇಲೆ ಕೂತು ಬಂಗುಡೆ ಮೀನು ಕೊಯ್ಯುತ್ತಿದ್ದರು. ನಾನು ಹೋಗಿ ಕೇಳಿದೆ.

“ದೊಡ್ಡಮ್ಮ, ನಾನು ಬೇರೆಯವರಿಗಿಂತ ಎಂತದರಲ್ಲಿ ಮೇಲು?”

“ಎಂತಕ್ಕೆ?”

“ಶಾಲೆಯಲ್ಲಿ ಬರೀಲಿಕ್ಕೆ ಉಂಟು.”

ದೊಡ್ಡಮ್ಮ ಮೀನು ಕೆಳಗಿಟ್ಟರು. “ನಿನ್ನ ಬಾಯಿಂದ ನೀನೇ ಹೇಳುದಾ ಅದನ್ನು? ಇದನ್ನು ಸಹ ಕಲಿಸ್ತಾರಾ ಈಗ?”

ಆ ಸಂಜೆ ಅವರು ಉಪ್ಪು, ಒಣಮೆಣಸು ಹಿಡಿದು ನನಗೆ ನಿವಾಳಿಸಿ ಒಲೆಗೆ ಹಾಕಿದರು. ವಾಕ್ಯ ಬರೆಯುವ ಮೊದಲೇ ನನ್ನ ದೃಷ್ಟಿ ತೆಗೆದಾಗಿತ್ತು.

ಬೇರೆ ಮನೆಗಳಲ್ಲೂ ಇದೇ ಆಗಿರಬೇಕು. ಮರುದಿನ ಟೀಚರ್ ಪುಸ್ತಕಗಳನ್ನು ಒಂದೊಂದಾಗಿ ತೆರೆದು ಓದಿದರು. ಒಬ್ಬಳ ಮನೆಯ ಹಲಸು ಪಕ್ಕದ ಮನೆಯ ಹಲಸನ್ನು ಸಿಹಿಯಲ್ಲಿ ಮೀರಿಸಿತ್ತು. ಒಬ್ಬಳ ಮಾವನ ಎತ್ತು ಉಳಿದ ಎತ್ತುಗಳನ್ನು ಮೀರಿಸಿತ್ತು. ಇನ್ನೊಬ್ಬಳು ಯಾವ ರಗಳೆಯೂ ಬೇಡವೆಂದು, ಸಮುದ್ರವು ಬಾವಿಗಳನ್ನು ನೀರಿನಲ್ಲಿ ಮೀರಿಸುತ್ತದೆ ಎಂದು ಬರೆದಿದ್ದಳು. ನನ್ನದು ನಮ್ಮ ಮನೆಯ ನಾಯಿ. ಟೀಚರ ಮುಖ ಕೆಂಪಾಯಿತು. ಈ ಊರಿನಲ್ಲಿ ಮನುಷ್ಯರೇ ಇಲ್ಲವೇ ಎಂದು ಕೇಳಿದರು. ಪ್ರತಿಯೊಬ್ಬಳಿಗೂ ಒಂದು ಚೀಟಿ ಕೊಟ್ಟು, ಇಲ್ಲೇ ಕೂತು ಬರೆಯಿರಿ, ಈ ತರಗತಿಯ ಹುಡುಗಿಯರ ಬಗ್ಗೆ ಮಾತ್ರ ಎಂದರು.

ಇಂಗ್ಲಿಷಿನಲ್ಲಿ ನಾನು ನೆರೆಮನೆಯ ಗೆಳತಿಗಿಂತ ಮುಂದಿದ್ದೆ. ಅದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಆದರೆ ಅದನ್ನು ಬರೆಯಲು ಕೈ ಬರಲಿಲ್ಲ. ಪಂಕ್ತಿಯಲ್ಲಿ ಕೂತಾಗ ಮೊದಲು ಅವರಿಗೆ ಬಡಿಸಿ ಎಂದು ನಾವು ಹೇಳುತ್ತೇವಲ್ಲ, ಅವರೂ ಹಾಗೆಯೇ ಹೇಳುತ್ತಾರೆ, ಕೊನೆಗೆ ಇಬ್ಬರ ಎಲೆಗೂ ಅನ್ನ ಬೀಳುತ್ತದೆ. ಅದೇ ಕ್ರಮದಲ್ಲಿ, ಇಂಗ್ಲಿಷಿನಲ್ಲಿ ನನ್ನ ಗೆಳತಿ ನನ್ನನ್ನು ಮೀರಿಸುತ್ತಾಳೆ ಎಂದು ಬರೆದೆ. ಅವಳು ನನ್ನ ಹೆಸರು ಬರೆಯುತ್ತಾಳೆ ಎಂಬುದರಲ್ಲಿ ನನಗೆ ಒಂದಿಷ್ಟೂ ಸಂಶಯ ಇರಲಿಲ್ಲ. ಪೆದ್ದಿ ನಾನು.

‘ಇಂಗ್ಲಿಷಿನಲ್ಲಿ ನಾನು ನನ್ನ ಗೆಳತಿಯನ್ನು ಮೀರಿಸುತ್ತೇನೆ’ ಎಂದು ಅವಳು ಬರೆದಿದ್ದಳು.

ಟೀಚರ್ ಎರಡೂ ಚೀಟಿಗಳನ್ನು ಗಟ್ಟಿಯಾಗಿ ಓದಿದರು. ನೀವಿಬ್ಬರೂ ಒಪ್ಪಿದ ಮೇಲೆ ನಾನು ಯೋಚಿಸಲು ಏನೂ ಉಳಿಯಲಿಲ್ಲ, ಮದರಾಸಿಗೆ ಇವಳ ಹೆಸರನ್ನೇ ಬರೆಯುತ್ತೇನೆ ಎಂದರು. ಅವರ ಮೇಲೆ ತಪ್ಪು ಹೊರಿಸಲಾರೆ. ಬರೆದದ್ದನ್ನು ಅವರು ನಂಬಿದರು, ಅಷ್ಟೆ. ಅಲ್ಲ ಟೀಚರ್, ನಾನೇ ಮುಂದೆ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಎದ್ದು ನಿಂತೂ ನಿಂತೆ. ಏನು ಎಂದು ಅವರು ಕೇಳಿದರು. ನೀರು ಕುಡಿದು ಬರುತ್ತೇನೆ ಎಂದೆ.

ಮನೆಗೆ ಹೋಗುವ ದಾರಿಯಲ್ಲಿ ಗೆಳತಿ, “ಟೀಚರ್ ನಿಜ ಬರೀಲಿಕ್ಕೆ ಹೇಳಿದ್ದು” ಎಂದಳು.

“ನೀನು ಬರೆದದ್ದು ನಿಜವಾ?”

ಅವಳು ಬಿರಬಿರನೆ ಮುಂದೆ ನಡೆದಳು. ಅವಳು ರೈಲು ಹತ್ತುವವರೆಗೂ ನಾನು ಅವಳೊಡನೆ ಮಾತಾಡಲಿಲ್ಲ. ರೈಲು ಹೊರಟ ದಿನ ಬಾವಿಕಟ್ಟೆಯಲ್ಲಿ ಕೂತು ಅತ್ತದ್ದೂ ಹೌದು. ಬೇಸಗೆಯಲ್ಲಿ ಮದುವೆಯಾಯಿತು. ಗಂಡನ ಮನೆಯವರು ಒಳ್ಳೆಯವರು, ಅದನ್ನು ಇಲ್ಲಿ ಹೇಳದಿದ್ದರೆ ಅನ್ಯಾಯವಾಗುತ್ತದೆ. ಆ ಮನೆಯಲ್ಲಿ ಇಂಗ್ಲಿಷಿನ ಅಗತ್ಯ ಯಾರಿಗೂ ಇರಲಿಲ್ಲ.

ಹನ್ನೆರಡು ವರ್ಷ ಕಳೆಯಿತು. ಮಹಾಯುದ್ಧ ಮುಗಿದಿತ್ತು, ಸೀಮೆಎಣ್ಣೆಗೆ ಸಾಲು ನಿಲ್ಲುವುದು ಮುಗಿದಿರಲಿಲ್ಲ. ಹತ್ತು ವರ್ಷದ ಮಗಳನ್ನು ಅದೇ ಶಾಲೆಗೆ ಸೇರಿಸಲು ಕರೆದುಕೊಂಡು ಹೋದೆ. ಮೇಜಿನ ಆಚೆ ಕೂತಿದ್ದವಳು ಅವಳೇ, ನನ್ನ ಗೆಳತಿ. ಕನ್ನಡಕ ಬಂದಿತ್ತು. ಕೂತುಕೋ ಎಂದಳು. ಪಕ್ಕದಲ್ಲಿ ಜನ ಇದ್ದುದರಿಂದ ನಾನು ಅವಳನ್ನು ಟೀಚರ್ ಎಂದೇ ಕರೆದೆ.

ಜನ ಹೋದ ಮೇಲೆ ಅವಳು ಅರ್ಜಿ ತುಂಬಿಸುತ್ತ, “ಮಗಳು ಯಾವುದರಲ್ಲಿ ಹುಷಾರು?” ಎಂದು ಕೇಳಿದಳು.

“ಎಂತದ್ದೂ ಇಲ್ಲ ಟೀಚರ್. ಎಲ್ಲರ ಹಾಗೆ.”

ಮಗಳು ತಲೆ ತಗ್ಗಿಸಿದಳು. ಅಂಗಡಿಯವರು ಪೆನ್ಸಿಲು ಹುಡುಕುವಷ್ಟರಲ್ಲಿ ಮನಸ್ಸಿನಲ್ಲೇ ಲೆಕ್ಕ ಮುಗಿಸುವ ಹುಡುಗಿ ಅವಳು. ಗೆಳತಿ ಪೆನ್ನು ಕೆಳಗಿಟ್ಟಳು.

“ಅದೇ ತಪ್ಪು ಇನ್ನೊಮ್ಮೆ ಮಾಡ್ಬೇಡ ಮಾರಾಯ್ತಿ. ಹೇಳು, ನಾನು ಕಾಯ್ತೇನೆ.”

“ಲೆಕ್ಕದಲ್ಲಿ,” ಎಂದೆ. “ನನಗಿಂತ, ಇವಳ ಅಪ್ಪನಿಗಿಂತ, ನಮ್ಮ ಕೇರಿಯ ಎಲ್ಲ ಮಕ್ಕಳಿಗಿಂತ ಇವಳೇ ಮೇಲು.”

ಯಾರು, ಯಾರನ್ನು, ಯಾವುದರಲ್ಲಿ, ಮೂರೂ ಬಂದಿತ್ತು. ಗೆಳತಿ ಬರೆದುಕೊಂಡಳು. ಮಗಳು ನನ್ನನ್ನು ಬೇರೆ ಯಾರನ್ನೋ ನೋಡುವ ಹಾಗೆ ನೋಡಿದಳು.

ಕಾಗದದಿಂದ ಕಣ್ಣೆತ್ತದೆ ಗೆಳತಿ ಹೇಳಿದಳು: “ಆವತ್ತು ನಾನು ಬರೆದದ್ದು ಸುಳ್ಳು. ಇಂಗ್ಲಿಷಿನಲ್ಲಿ ನೀನೇ ಮುಂದೆ ಇದ್ದದ್ದು. ನೀನು ನನ್ನ ಹೆಸರೇ ಬರೀತಿ ಅಂತ ಸಹ ಗೊತ್ತಿತ್ತು ನನಗೆ.”

ನನಗೆ ಸಿಟ್ಟು ಬಂತು. ಹನ್ನೆರಡು ವರ್ಷದ್ದು ಒಟ್ಟಿಗೇ ಬಂತು. ಅದರ ಜೊತೆಗೇ ಎದೆ ಹಗುರವಾದದ್ದೂ ಹೌದು. ಇಂಗ್ಲಿಷಿನಲ್ಲಿ ನಾನೇ ಮುಂದೆ ಎಂಬ ನನ್ನ ಎಣಿಕೆ ತಪ್ಪಾಗಿರಲಿಲ್ಲವಲ್ಲ.

“ಈಗ ಹೇಳಿ ಎಂತ ಪ್ರಯೋಜನ?” ಎಂದೆ.

“ನಿನಗೆ ಪ್ರಯೋಜನ ಇಲ್ಲ. ನಿನ್ನ ಮಗಳು ಕೇಳಲಿ ಅಂತ ಹೇಳಿದ್ದು.”

ಹೊರಗೆ ಬಂದು ರಸ್ತೆ ದಾಟಿದೆವು. ಆಮೇಲೆ ಮಗಳು ಕೇಳಿದಳು, “ಅಮ್ಮ, ನಿನಗೆ ಇಂಗ್ಲಿಷ್ ಬರ್ತದಾ?”

ಸ್ವಲ್ಪ ಸ್ವಲ್ಪ ಎನ್ನಲು ಬಾಯಿ ತೆರೆದಿದ್ದೆ. ತಡೆದುಕೊಂಡೆ.

“ಲಾಯ್ಕ ಬರ್ತದೆ,” ಎಂದೆ. “ನಿನ್ನ ಟೀಚರಿಗಿಂತ ಲಾಯ್ಕ.”