ಬೆನ್ನು ನೋಡುವ ಅಜೆಮಾಂಗ್

ಕುಮಾಸಿ ಊರಿನ ಹಾಡು ರೆಕಾರ್ಡಿಂಗ್ ಸ್ಟುಡಿಯೊ ಮಾಲೀಕ ಅಜೆಮಾಂಗ್ ಹೊಸ ಕಂಪ್ಯೂಟರಿನ ಮುಖ ನೋಡಿದವನೇ ಅಲ್ಲ. ಸಂತೆಯಲ್ಲಿ ಮೇಕೆಯ ಬಾಲ ಎತ್ತುವವನಂತೆ ಸೀದಾ ಹಿಂದುಮುಂದಾಗಿ ತಿರುಗಿಸುತ್ತಾನೆ. ಸ್ಟುಡಿಯೊದಲ್ಲಿ ರೆಕಾರ್ಡ್ ಮಾಡಿದ ಹಳೆಯ ಹಾಡುಗಳಿರುವ ಡಿಸ್ಕ್ ಪೆಟ್ಟಿಗೆಯ ಕೇಬಲ್ಲು ಅವನ ಕೊರಳಲ್ಲೇ ಇರುತ್ತದೆ. ಅದರ ಮೂತಿಗೆ ಹೊಂದುವ ತೂತು ಈಗಿನ ಯಾವ ಯಂತ್ರಕ್ಕೂ ಇಲ್ಲ. "ಇಷ್ಟು ದುಡ್ಡು ತಗೊಂಡು ಒಂದು ತೂತು ಕೊಡೋಕಾಗಲ್ವಾ?" ಎಂದು ಹನ್ನೊಂದು ವರ್ಷದಿಂದ ಕೇಳುತ್ತಿದ್ದಾನೆ. ಅವನು ಬೀದಿಗೆ ಬಂದರೆ ಅಂಗಡಿಯ ಕಂಪ್ಯೂಟರುಗಳು ತಾವಾಗಿಯೇ ಗೋಡೆಗೆ ಬೆನ್ನು ಒತ್ತಿಕೊಳ್ಳುತ್ತವಂತೆ. ಈಚೆಗೆ ಆ ತೂತಿರುವ ಅವನ ಹಳೆಯ ಕಂಪ್ಯೂಟರು ದಿನಕ್ಕೆ ಮೂರು ಸಲ ಮೂರ್ಛೆ ಹೋಗುತ್ತಿದೆ. "ಅದು ಸಾಯೋ ಮುಂಚೆ ಹಾಡೆಲ್ಲ ಹೊಸದಕ್ಕೆ ಇಳಿಸ್ಕೊಡ್ತೀನಿ ಮಾವ, ಹಾಡಿನ ಮಧ್ಯೆ ಕೇಳ್ಸೋ ಕೆಮ್ಮು, ಗದ್ದಲ ತೆಗೆದು ಚೊಕ್ಕ ಮಾಡಿ," ಎಂದಳು ಕಂಪ್ಯೂಟರ್ ಅಂಗಡಿಯ ಹುಡುಗಿ ಸೆರ್ವಾ. ಅಜೆಮಾಂಗ್ ಕೇಬಲ್ಲನ್ನು ಮುಷ್ಟಿಯಲ್ಲಿ ಹಿಡಿದುಕೊಂಡ. "ಹಾಡು ಬೇಕಾದ್ರೆ ತೆಗಿ ತಾಯಿ, ಕೆಮ್ಮು ಮುಟ್ಟಬೇಡ. ಹಾಡಿದ್ದು ಯಾರೋ, ಬಾಗಿಲ ಹತ್ರ ಕೆಮ್ಮಿದ್ದು ತೀರ್ಕೊಂಡ ನನ್ನ ಹೆಂಡತಿ."