ಅರ್ಧ ಶುಲ್ಕಕ್ಕೆ ಅಕ್ಕೋರು ಹಾಕಿದ ಕರಾರು

ಮಕ್ಕಳಿಗೆ ನೌಕರಿಯ ದಾರಿ ತೋರಿಸುವ ಈ ವಿದ್ಯೆಗೆ ನನಗೆ ಬಿದ್ದ ಬೆಲೆ ಅರ್ಧ ಶುಲ್ಕ, ಪೂರ್ತಿ ನಾಲಿಗೆ. ಶುಲ್ಕದಲ್ಲಿ ಅರ್ಧವನ್ನು ನಾನು ಚೌಕಾಸಿ ಮಾಡಿ ಉಳಿಸಿಕೊಂಡೆ. ನಾಲಿಗೆಯನ್ನು ಪಾಠ ಹೇಳಿದ ಅಕ್ಕೋರು ಚೌಕಾಸಿ ಮಾಡಿ ಕಿತ್ತುಕೊಂಡರು.

ಅವರ ಬಲಗೈ ಇನ್ನೂ ಕಣ್ಣ ಮುಂದಿದೆ. ಕಿರುಬೆರಳು ಎಂದೋ ಮುರಿದು ಸೊಟ್ಟಗೆ ಕೂಡಿಕೊಂಡಿತ್ತು. ತರಗತಿಯಲ್ಲಿ ಯಾರಾದರೂ ಸುಮ್ಮನಿರಬೇಕಾದ ಹೊತ್ತಿನಲ್ಲಿ ಬಾಯಿ ತೆರೆದರೆ ಆ ಅಂಗೈ ಮುಖದ ಮಟ್ಟಕ್ಕೆ ಏಳುತ್ತಿತ್ತು. ನಾಲ್ಕು ಬೆರಳು ನೆಟ್ಟಗೆ, ಕಿರುಬೆರಳು ಮಾತ್ರ ತನಗೂ ಇದಕ್ಕೂ ಸಂಬಂಧವಿಲ್ಲವೆಂಬಂತೆ ಆಚೆ ನೋಡುತ್ತ. ಪೊಲೀಸನ ಕೈಗೆ ನಿಲ್ಲದ ಸಾಂಗ್ಲಿಯ ರಿಕ್ಷಾದವರು ಕೂಡ ಆ ಕೈಗೆ ನಿಲ್ಲುತ್ತಿದ್ದರೋ ಏನೋ.

ನನ್ನದು ಸಾಂಗ್ಲಿಯ ಪೇಟೆಯಲ್ಲಿ ಅರಿಸಿನದ ಅಡತಿ ಅಂಗಡಿ. ರೈತರ ಮಾಲನ್ನು ಅವರ ಪರವಾಗಿ ಮಾರಿಸಿ ಕಮಿಷನ್ ತೆಗೆದುಕೊಳ್ಳುವ ದಂಧೆ. ಅಪ್ಪ ಬಿಟ್ಟುಹೋದ ಅಂಗಡಿಯಲ್ಲ; ಬೇರೆಯವರ ಅಂಗಡಿಯಲ್ಲಿ ಚೀಲ ತೂಗುತ್ತ ಕಲಿತು ಕಟ್ಟಿದ್ದು. ಕೈಯಲ್ಲಿ ನಾಲ್ಕು ಕಾಸು ಕೂಡಿದ ಮೇಲೆ ನಮ್ಮ ಸಮಾಜದವರು ಮಿರಜದ ವಿದ್ಯಾರ್ಥಿ ವಸತಿಗೃಹದ ಸಮಿತಿಗೆ ನನ್ನನ್ನು ಸೇರಿಸಿಕೊಂಡರು. ಗಡಿ ಹಳ್ಳಿಗಳ ಹುಡುಗ ಹುಡುಗಿಯರು ಅಲ್ಲಿದ್ದು ಓದುತ್ತಾರೆ. ಓದು ಮುಗಿದ ಮೇಲೆ ಎಲ್ಲಿ ನೌಕರಿ, ಹೇಗೆ ಕೇಳುವುದು ಎಂದು ಹೇಳಲು ಒಬ್ಬರು ಬೇಕಿತ್ತು. "ಊರ ತುಂಬ ನಿಮ್ಮ ಪರಿಚಯ ಐತಿ, ನೀವಽ ಕುಂದ್ರಿ" ಎಂದರು. ಕೂರುವುದಕ್ಕೆ ಮೊದಲು ತರಬೇತಿ ಕಡ್ಡಾಯ ಎಂದೂ ಹೇಳಿದರು. ಹಾಗೆ ನಾನು ಅಕ್ಕೋರ ಬಾಗಿಲಿಗೆ ಹೋದದ್ದು.

ಅಕ್ಕೋರು ತಾಂತ್ರಿಕ ವಿದ್ಯಾಲಯವೊಂದರಲ್ಲಿ ಮಕ್ಕಳಿಗೆ ನೌಕರಿ ಹುಡುಕಿಕೊಡುವ ವಿಭಾಗ ನಡೆಸಿ ನಿವೃತ್ತರಾದವರು. ಮಿರಜದ ಹತ್ತಿರದ ಆರಗ ಊರಿನ ಜೈನರ ಮನೆತನ. ಮಿರಜದ ಸ್ಟೇಶನ್ ರಸ್ತೆಯಲ್ಲಿ ಒಂದು ಮಾಳಿಗೆಯ ಕೋಣೆ ಹಿಡಿದು, ಪ್ರತಿ ಶನಿವಾರ ನಮ್ಮಂಥವರಿಗೆ ಪಾಠ ಮಾಡುತ್ತಿದ್ದರು. ಶಾಲಾ ಮಾಸ್ತರರು, ವಸತಿಗೃಹದ ವಾರ್ಡನ್‌ಗಳು, ಕಾಲೇಜಿನ ಹೊಸ ಸಲಹೆಗಾರರು ಬರುತ್ತಿದ್ದರು. ಹೊತ್ತು ಮುಳುಗುವ ಮೊದಲೇ ಊಟ ಮುಗಿಸುವ ವ್ರತ ಅವರದು. ಹಾಗಾಗಿ ಕಿಟಕಿಯ ಬಿಸಿಲು ಕೆಂಪಾದ ಕೂಡಲೇ ಪಾಠ ಬಂದ್, ಡಬ್ಬಿ ತೆರೆಯುತ್ತಿದ್ದರು. ಅರ್ಧ ವಾಕ್ಯದಲ್ಲಿದ್ದರೂ ಅಷ್ಟೇ.

ಮೊದಲ ಭೇಟಿಯಲ್ಲೇ ನಾನು ಶುರು ಮಾಡಿದೆ.

"ಅಕ್ಕೋರ, ನಾ ಮಕ್ಕಳಿಗೆ ಪುಕ್ಕಟೆ ಹೇಳಾಂವ. ನನ್ನ ಕಡೆ ಪೂರಾ ಫೀ ತಗೊಂಡ್ರ ಹ್ಯಾಂಗ್ರಿ?"

"ಎಷ್ಟ ಬಿಡ್ಲಿ?"

"ಅರ್ಧ ಬಿಡ್ರಿ."

ಕಾಲು ಭಾಗಕ್ಕೆ ಬಂದು ನಿಲ್ಲುತ್ತಾರೆಂದು ನನ್ನ ಅಂದಾಜು. ಅವರು ಕನ್ನಡಕ ಒರೆಸಿಕೊಂಡು, "ಆತು, ಬಿಟ್ಟೆ. ಆದ್ರ ಒಂದ ಕರಾರು. ಕ್ಲಾಸಿನಾಗ ನಾ ಕೇಳೂತನಕ ನೀವು ಮಾತಾಡಂಗಿಲ್ಲ" ಎಂದರು.

"ಇವತ್ತಷ್ಟಽ ಏನ್ರಿ?"

"ಕಡೀತನಕ."

ಎದುರಿನವರು ಒಂದೇ ಮಾತಿಗೆ ಒಪ್ಪಿದರೆ ಸೋತದ್ದು ನಾವು ಎಂದು ಯಾವ ವ್ಯಾಪಾರಿಗೂ ಗೊತ್ತು. ನನಗೂ ಗೊತ್ತಾಯಿತು, ಆದರೆ ಮಾತು ಕೊಟ್ಟಾಗಿತ್ತು. ಬಾಯಿಮಾತಿನಿಂದಲೇ ಅನ್ನ ತಿನ್ನುವ ನಾನು ಅರಿಸಿನದ ಹಂಗಾಮಿನಲ್ಲಿ ಪ್ರತಿ ಶನಿವಾರ ಅಂಗಡಿಯನ್ನು ತಮ್ಮನಿಗೆ ಬಿಟ್ಟು, ಮಾಳಿಗೆಯ ಮೂಲೆಯಲ್ಲಿ ಬಾಯಿ ಮುಚ್ಚಿ ಕುಳಿತೆ.

ಅವರ ಪಾಠದಲ್ಲಿ ಬೋರ್ಡು, ಸೀಮೆಸುಣ್ಣ ಕಡಿಮೆ. ಪ್ರತಿಯೊಬ್ಬರೂ ವಾರಕ್ಕೊಂದು ಕೆಲಸದ ಜಾಗಕ್ಕೆ ಹೋಗಿ, ಅಲ್ಲಿ ಪಾಳಿ ಮುಗಿಯುವತನಕ ಇದ್ದು ಬರಬೇಕು. ಒಬ್ಬ ಮಾಸ್ತರು ಒಣದ್ರಾಕ್ಷಿಯ ಕೋಲ್ಡ್ ಸ್ಟೋರೇಜಿಗೆ ಹೋಗಿ, ಅಲ್ಲಿಯ ಮಾಲಕರು ಕೊಟ್ಟ ಜಾಹೀರಾತಿನ ಹೊಳಪಿನ ಕಾಗದ ಹಿಡಿದು ಬಂದರು. ಅಕ್ಕೋರು ಅದನ್ನು ಮುಟ್ಟಲಿಲ್ಲ.

"ದ್ರಾಕ್ಷಿ ಆರಿಸಾಕ ಕುಂತ ಹುಡುಗ್ಯಾರಿಗೆ ಸ್ಟೂಲ್ ಐತೇನ್ರಿ, ನೆಲಾನೋ?"

"ನೋಡಲಿಲ್ರಿ."

"ಪಾಯಖಾನಿಗೆ ಒಳಗಿಂದ ಕೊಂಡಿ?"

ಮಾಸ್ತರು ಕಾಗದವನ್ನು ಮಡಚಿ ಕಿಸೆಗೆ ಹಾಕಿದರು. "ಮುಂದಿನ ವಾರ ಮತ್ತ ಹೋಗ್ರಿ" ಎಂದರು ಅಕ್ಕೋರು. "ನಾವು ಮಕ್ಕಳನ್ನ ಕಳಸೂದು ಹೊಳಪಿನ ಕಾಗದಕ್ಕ ಅಲ್ಲ, ಆ ಜಾಗಾಕ್ಕ."

ನನ್ನ ಸರದಿಯೂ ಬಂತು. ನಾಟಕದ ಪಾಠ: ಅಕ್ಕೋರು ಮಾಲಕಿ, ನಾನು ನೌಕರಿ ಕೇಳುವ ಹುಡುಗನ ಜೊತೆ ಬಂದ ಸಲಹೆಗಾರ. ಅಂತೂ ಬಾಯಿಗೆ ಬಿಡುಗಡೆ! ಪಗಾರ ಏರಿಸಿದೆ, ರಜೆ ಕೇಳಿದೆ, ಹಬ್ಬಕ್ಕೆ ಬೋನಸ್ ಒಪ್ಪಿಸಿದೆ. ತರಗತಿಯವರು ಚಪ್ಪಾಳೆ ತಟ್ಟಿದರು. ಅಕ್ಕೋರೂ ನಕ್ಕರು.

"ಭಾಳ ಚಲೋ. ಶೇಟ್ರ, ನಿಮ್ಮ ಪ್ಯಾಟ್ಯಾಗ ಹಿಂದಕ ರುಮಾಲಿನ ಸೌದಾ ಇತ್ತಲ್ಲ, ಅದನ್ನೊಮ್ಮಿ ಇವರಿಗೆ ಹೇಳ್ರಿ."

ನನಗೆ ಖುಷಿ. ಈಗ ಎಲ್ಲ ಬಹಿರಂಗ ಹರಾಜಿನ ಕೂಗು. ನಾನು ಪೇಟೆಗೆ ಬಂದ ಹೊಸದರಲ್ಲಿ ಹಾಗಿರಲಿಲ್ಲ. ಖರೀದಿದಾರ ಮತ್ತು ನನ್ನಂಥ ಅಡತ್ಯಾ, ಇಬ್ಬರೂ ಒಂದು ರುಮಾಲಿನ ಕೆಳಗೆ ಕೈ ಸೇರಿಸುತ್ತಿದ್ದರು. ಬಾಯಲ್ಲಿ ಮಾತಿಲ್ಲ. ಬೆರಳು ಒತ್ತಿ ದರ ಹೇಳುವುದು, ಬೆರಳು ಒತ್ತಿ ಬೇಡವೆನ್ನುವುದು. ಸುತ್ತ ನಿಂತವರಿಗೆ ರುಮಾಲು ಅಲುಗಾಡಿದ್ದಷ್ಟೇ ಕಾಣುತ್ತಿತ್ತು. ಪಕ್ಕದ ವಾರ್ಡನ್ನನ ಕೈಹಿಡಿದು ಮಾಡಿಯೂ ತೋರಿಸಿದೆ.

"ರೈತನ ಕೈ ಎಲ್ಲಿರ್ತಿತ್ರಿ?" ಅಕ್ಕೋರು ಕೇಳಿದರು.

"ರೈತಂದು? ಅಂವ ಬಾಜೂಕ ನಿಂತಿರ್ತಿದ್ದ."

"ಮಾಲ್ ಅವಂದು."

"ಹೌದ್ರಿ."

"ಅಷ್ಟಽ ನಾ ಕೇಳಿದ್ದು. ಕುಂದ್ರಿ."

ಕುಳಿತೆ. ನಾಟಕದಲ್ಲಿ ನೌಕರಿ ಕೇಳಬೇಕಾದ ಹುಡುಗನಿಗೆ ನಾನೂ ಒಂದು ಮಾತು ಬಿಟ್ಟಿರಲಿಲ್ಲ. ಕಿಟಕಿಯ ಬಿಸಿಲು ಕೆಂಪಾಗಿತ್ತು; ಅವರು ಡಬ್ಬಿ ತೆರೆದರು. ನನ್ನ ಕೈ ಮಾತ್ರ ಇನ್ನೂ ವಾರ್ಡನ್ನನ ಕೈಯಲ್ಲೇ ಇತ್ತು.

ಆ ಪಾಠ ಪರೀಕ್ಷೆಗೆ ಬಂದದ್ದು ಗಡಿಯ ಸಲಗರೆ ಹಳ್ಳಿಯ ಒಂದು ಹುಡುಗಿಯ ವಿಷಯದಲ್ಲಿ. ಊರಲ್ಲಿ ಕನ್ನಡ ಶಾಲೆ ಕಲಿತು, ಮಿರಜದಲ್ಲಿ ರಕ್ತ ತಪಾಸಣೆಯ ಡಿಪ್ಲೊಮಾ ಮುಗಿಸಿ ವಸತಿಗೃಹ ಬಿಟ್ಟವಳು. ಒಂದು ಲ್ಯಾಬಿನವರು ಅವಳನ್ನು ಆರಿಸಿದ್ದರು, ಆದರೆ ಸಂಜೆಯ ಪಾಳಿಗೆ. ಪಾಳಿ ಮುಗಿಯುವುದರೊಳಗೆ ಸಲಗರೆಯ ಕಡೆಯ ಬಸ್ಸು ಹೋಗಿರುತ್ತದೆ. "ಮನಿ ಮುಟ್ಟಾಕ ಆಗದಂಥಾ ನೌಕರಿ ಬ್ಯಾಡ" ಎಂದು ಮನೆಯಲ್ಲಿ ಹೇಳಿಬಿಟ್ಟಿದ್ದರು. ಹುಡುಗಿ ನೌಕರಿ ಬೇಡವೆಂದು ತಿಳಿಸಲು ಹೊರಟಿದ್ದಳು. ಕಲಿತದ್ದೆಲ್ಲ ಅಲ್ಲಿಗೇ ಮುಗಿಯುವುದರಲ್ಲಿತ್ತು.

ಲ್ಯಾಬಿನ ಡಾಕ್ಟರರ ಮಾವ ನನ್ನ ಹಳೆಯ ಗಿರಾಕಿ. ಒಂದು ಫೋನು ಸಾಕಿತ್ತು. ಫೋನು ಕೈಯಲ್ಲಿ ಹಿಡಿದೇ ಅವಳನ್ನು ಅಕ್ಕೋರ ಹತ್ತಿರ ಕರೆದೊಯ್ದೆ. ಅಂಗೈ ಎದ್ದಿತು. ಫೋನು ಕಿಸೆಗೆ ಹೋಯಿತು.

"ನಿನಗೇನ ಬೇಕವಾ?" ಹುಡುಗಿಯನ್ನು ಕೇಳಿದರು.

"ಮುಂಜಾನಿ ಪಾಳಿ ಬೇಕ್ರಿ."

"ಅವರಿಗೇನ ಬೇಕು?"

ಹುಡುಗಿ ನೆಲ ನೋಡಿದಳು. ನನಗೆ ನಾಲಿಗೆ ತುರಿಸುತ್ತಿತ್ತು. ಅಕ್ಕೋರು ನನ್ನ ಕಡೆ ನೋಡದೆಯೇ ಅಂಗೈ ಇನ್ನಷ್ಟು ಮೇಲೆತ್ತಿದರು. ಕೆಳಗಿನ ರಸ್ತೆಯಲ್ಲಿ ಪುಣೆಯ ರೈಲುಗಾಡಿಗೆ ಹೋಗುವ ಟಾಂಗಾ, ರಿಕ್ಷಾಗಳ ಗದ್ದಲ. ಎಷ್ಟೋ ಹೊತ್ತಿನ ಮೇಲೆ ಹುಡುಗಿ ಮಾತಾಡಿದಳು.

"ಮುಂಜಾನಿ ಅಲ್ಲಿ ಗದ್ದಲ ಇರ್ತೈತ್ರಿ ಅಕ್ಕೋರ. ಸಕ್ಕರಿ ತಪಾಸಣಿಗೆ ಬರಾವ್ರು ಉಪಾಸ ಇರ್ತಾರ, ಅವರಿಗೆ ಸಿಟ್ಟ ಲಗೂ ಬರ್ತೈತಿ. ಈಗಿದ್ದ ಟೆಕ್ನಿಶಿಯನ್ ತಡಾ ಮಾಡಿ ಬರ್ತಾರ. ನಮ್ಮೂರ ಮೊದಲ ಬಸ್ಸಿಗೆ ಬಂದ್ರ, ಬಾಗಲಾ ತಗಿಯೂದ್ರಾಗ ನಾ ಅಲ್ಲಿರ್ತೇನಿ."

"ಇದನ್ನ ನನಗ ಯಾಕ ಹೇಳಾತಿ? ಹೋಗಿ ಅವರಿಗೆ ಹೇಳು."

"ಮರಾಠಿ ಮಾತಾಡೂ ಮುಂದ ನಡುವ ಕನ್ನಡ ಬರ್ತೈತ್ರಿ. ನಗ್ತಾರ."

"ಗಡಿ ಆಚಿಂದ ಮಿರಜಕ್ಕ ಔಷಧಕ್ಕ ಬರೂ ಕನ್ನಡದ ಮಂದಿ ಎಷ್ಟ ಅದಾರ! ಅವರ ಜೋಡಿ ಅಲ್ಲಿ ಯಾರು ಮಾತಾಡ್ತಾರ? ಅದನ್ನೂ ಹೇಳು. ನಕ್ರ ನೀನೂ ನಗು."

ಮರುದಿನ ಹುಡುಗಿ ಲ್ಯಾಬಿನೊಳಗೆ ಹೋದಳು. ಎದುರಿನ ಚಹಾದಂಗಡಿಯಲ್ಲಿ ಅಕ್ಕೋರೂ ನಾನೂ ಕುಳಿತೆವು. ನಾನು ಎದ್ದು ಕುಳಿತು, ಕುಳಿತು ಎದ್ದು ಮಾಡುತ್ತಿದ್ದೆ.

"ಶೇಟ್ರ, ಚಾ ಆರತೈತಿ."

"ಅಕ್ಕೋರ, ನಾ ಒಂದ ಮಾತ ಹೇಳಿದ್ರ ಆ ಕೂಸಿಗೆ ಇಷ್ಟ ತ್ರಾಸ ಇರ್ತಿದ್ದಿಲ್ಲ."

"ಇವತ್ತ ನೀವು ಹೇಳ್ತೀರಿ. ನಾಳೆ ಆಕಿಗೆ ರಜಾ ಬೇಕಾಗ್ತೈತಿ, ನಾಡದ ಪಗಾರ ಹೆಚ್ಚ ಆಗಬೇಕಾಗ್ತೈತಿ. ಅವಾಗೂ ನಿಮ್ಮ ಅಂಗಡಿಗೆ ಓಡಿ ಬರಬೇಕೇನು?" ಸ್ವಲ್ಪ ತಡೆದು, "ಆಕಿ ಕೈ ರುಮಾಲಿನ ಕೆಳಗ ಹೋಗ್ಲಿ ಬಿಡ್ರಿ" ಎಂದರು.

ಹುಡುಗಿ ಹೊರಗೆ ಬಂದಳು. ಮುಖದಲ್ಲಿ ಏನೂ ತಿಳಿಯದು. ನಾನು ಅಕ್ಕೋರ ಕೈ ನೋಡಿದೆ. ಅದು ಚಹಾದ ಬಟ್ಟಲಿನ ಮೇಲೇ ಇತ್ತು.

"ಏನಂದ್ರವಾ?" ಎಂದೆ.

"ಮೊದಲ ಆಗಂಗಿಲ್ಲ ಅಂದ್ರು ಕಾಕಾ."

"ಆಮ್ಯಾಲ?"

"ಒಂದ ತಿಂಗಳ ನೋಡ್ರಿ, ಒಂದ ದಿನಾ ಬಾಗಲಾ ತಗಿಯೂದ್ರಾಗ ನಾ ಇಲ್ಲಂದ್ರ ನೀವು ಹೇಳೂದು ಬ್ಯಾಡ, ನಾನಽ ಬಿಡ್ತೇನಿ ಅಂದೆ. ಡಾಕ್ಟರ್ ನಕ್ರು. ನಾನೂ ನಕ್ಕೆ. 'ಬರಂ, ಉದ್ಯಾಪಾಸೂನ್ ಯೇ' ಅಂದ್ರು."

ಆಯಿತು, ನಾಳೆಯಿಂದ ಬಾ ಎಂದಿದ್ದರು. ಒಂದು ತಿಂಗಳ ಕರಾರಿನ ಉಪಾಯ ನಾನಾಗಲಿ ಅಕ್ಕೋರಾಗಲಿ ಹೇಳಿಕೊಟ್ಟದ್ದಲ್ಲ. ಇಷ್ಟು ವರ್ಷ ಪೇಟೆಯಲ್ಲಿ ಕುಳಿತವನಿಗೆ ಹೊಳೆಯದ ಮಾತು ಅದು. ಅಕ್ಕೋರು ಅವಳಿಗೊಂದು ಚಹಾ ಹೇಳಿ, ನನಗೆ, "ದುಡ್ಡ ನೀವು ಕೊಡ್ರಿ, ಅರ್ಧ ಫೀದಾಗ ಬಂದಾವ್ರು" ಎಂದರು.

ಮುಂದೆ ಅಕ್ಕೋರ ಆರೋಗ್ಯ ಕೆಟ್ಟಾಗ ರಕ್ತ ತಪಾಸಣೆಗೆ ಅದೇ ಲ್ಯಾಬಿಗೆ ಕರೆದೊಯ್ದವನು ನಾನು. ಬೆಳಗಿನ ಗದ್ದಲವಿತ್ತು. ನಾನು ಹಳೆಯ ಚಾಳಿಯಂತೆ, "ಡಾಕ್ಟರ್ ಪರಿಚಯ ಅದಾರ, ಮೊದಲ ಒಳಗ ಬಿಡಸ್ತೇನಿ" ಎಂದೆ. ಅಂಗೈ ಎದ್ದಿತು. ಮೊದಲಿನ ಎತ್ತರಕ್ಕೆ ಏರಲಿಲ್ಲ, ಎದೆಯ ಮಟ್ಟದಲ್ಲೇ ನಿಂತಿತು. "ನನ್ನ ನಂಬರ್ ಬರ್ತೈತಿ, ಕುಂದ್ರಿ."

ನಂಬರ್ ಬಂತು. ರಕ್ತ ತೆಗೆದವಳು ಸಲಗರೆಯ ಹುಡುಗಿ. ಈಗ ಬೆಳಗಿನ ಪಾಳಿ ಪೂರ್ತಿ ಅವಳ ಕೈಯಲ್ಲಿತ್ತು. ಅಕ್ಕೋರ ಒಣಗಿದ ತೋಳಿನಲ್ಲಿ ನರ ಸಿಗುವುದು ಕಷ್ಟ. ಅವಳು ಅವಸರ ಮಾಡದೆ ಬೆರಳಿನಿಂದ ಒತ್ತಿ ಒತ್ತಿ ಹುಡುಕಿದಳು.

"ನೋವಾತೇನ್ರಿ ಅಕ್ಕೋರ?"

"ಇಲ್ಲವಾ. ಪಗಾರ ಹೆಚ್ಚ ಮಾಡ್ಯಾರೇನು?"

"ನಾನಽ ಕೇಳಿದ್ನ್ರಿ. ಎರಡ ಸಲ ಇಲ್ಲ ಅಂದ್ರು, ಮೂರನೇದಕ್ಕ ಮಾಡಿದ್ರು."

ಅಕ್ಕೋರು ನನ್ನತ್ತ ತಿರುಗಿ ನೋಡಿದರು, ಅಷ್ಟೇ. ಮುಂದಿನ ಅರಿಸಿನದ ಹಂಗಾಮು ಶುರುವಾಗುವ ಮೊದಲೇ ಅವರು ತೀರಿಹೋದರು. ಆ ಸಂಜೆ ಅಂತ್ಯಕ್ರಿಯೆಗೆ ಆರಗಕ್ಕೆ ಹೋದ ನಮ್ಮಲ್ಲಿ ಹೆಚ್ಚಿನವರು ಬಸ್ಸಿನಲ್ಲೇ ಹೋದೆವು. ಕಾರಿದ್ದವರೂ ಬಸ್ಸು ಹತ್ತಿದರು. ಮಕ್ಕಳನ್ನು ಕಳಿಸುವ ದಾರಿಯಲ್ಲಿ ಮೊದಲು ನೀವು ಹೋಗಿ ಬರ್ರಿ ಎಂದು ಅವರು ಹೇಳುತ್ತಿದ್ದುದನ್ನು ಯಾರೂ ಮರೆತಿರಲಿಲ್ಲ.

ಮಾಳಿಗೆಯ ಶನಿವಾರಗಳನ್ನು ಈಗ ನಾವು ಕೆಲವರು ಸೇರಿ ನಡೆಸುತ್ತೇವೆ. ಬಿಸಿಲು ಕೆಂಪಾದಾಗ ಪಾಠ ನಿಲ್ಲಿಸುತ್ತೇವೆ. ನಮ್ಮಲ್ಲಿ ಯಾರಿಗೂ ಆ ವ್ರತವಿಲ್ಲ, ಆದರೂ ನಿಲ್ಲಿಸುತ್ತೇವೆ.

ನೀವೂ ಮಾಸ್ತರರಾಗಿರಬಹುದು, ಚಿಕ್ಕಪ್ಪನಾಗಿರಬಹುದು, ಊರಿನ ನಾಲ್ಕು ಜನಕ್ಕೆ ಬೇಕಾದವರಾಗಿರಬಹುದು. ಯಾರದೋ ಮಗ ಅಥವಾ ಮಗಳು ನೌಕರಿಯ ಮಾತಿಗೆ ನಿಮ್ಮ ಮುಂದೆ ಬಂದು ಕೂರುತ್ತಾರೆ. ಆ ಕೆಲಸದ ಜಾಗಕ್ಕೆ ಒಮ್ಮೆ ಹೋಗಿ ನಿಲ್ಲಿ. ಪಾಳಿ ಮುಗಿಯುವತನಕ ನಿಂತು, ಆ ಮಗು ಹಿಡಿಯಬೇಕಾದ ಬಸ್ಸನ್ನೇ ಹಿಡಿದು ಬನ್ನಿ. ಬೇಕಾದ್ದೇನು ಎಂದು ಕೇಳಿದ ಮೇಲೆ, ಕೊಡಬಲ್ಲದ್ದೇನು ಎಂದೂ ಕೇಳಿ, ಉತ್ತರಕ್ಕೆ ಕಾಯಿರಿ. ಆ ಮೌನ ನಿಮಗೆ ಉದ್ದವೆನಿಸುತ್ತದೆ. ಅರಿಸಿನ ಮಾರಿದವನ ಮಾತು ನಂಬಿ, ಅಷ್ಟು ಉದ್ದವೇನೂ ಇರುವುದಿಲ್ಲ. ಕಿಸೆಯಲ್ಲಿ ಎಂಥ ದೊಡ್ಡವರ ನಂಬರ್ ಇದ್ದರೂ ಆ ಹೊತ್ತಿನಲ್ಲಿ ಫೋನು ಹೊರಗೆ ತೆಗೆಯಬೇಡಿ. ಕೈ ಸುಮ್ಮನಿರಲಾರದೆಂದರೆ, ಎದುರಿಗೆ ಒಂದು ಚಹಾದಂಗಡಿ ನೋಡಿ ಕುಳಿತು ಬಟ್ಟಲು ಹಿಡಿದುಕೊಳ್ಳಿ. ಚಹಾ ಆರಿದರೆ ಆರಲಿ.