ಕಿವಿಗೆ ಹಿಡಿದ ಫೋನು

ನನ್ನ ತಂಗಿಯ ನಾಯಿಗೆ ಮೈಯೆಲ್ಲ ನುಣುಪು, ಕಿವಿಯಲ್ಲಿ ಮಾತ್ರ ಗುಂಗುರು. ಗಲ್ಲಕ್ಕಿಂತ ಕೆಳಗೆ ಇಳಿಬೀಳುವ ಉದ್ದ ಕಿವಿಗಳು. ಬಿಗಿಯಾಗಿ ಹೆಣೆದ ಜಡೆ ಬಿಚ್ಚಿದಾಗ ಕೂದಲು ಹೇಗಿರುತ್ತದೋ ಹಾಗೆ ಕಾಣುತ್ತಿದ್ದವು. ಕಾಕರ್ ಸ್ಪ್ಯಾನಿಯಲ್ ಎಂದು ಅದರ ಜಾತಿ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನು ನಾನು. ಆ ಹೆಸರು ನಾಲಿಗೆಗೆ ಬರಲು ವಾರ ಹಿಡಿಯಿತು.

ತಂಗಿ ಕಲಬುರಗಿಯ ಗಾಜಿಪುರದಲ್ಲಿ ಒಬ್ಬಳೇ ಇದ್ದಾಳೆ. ಜೇವರ್ಗಿ ಕಾಲೋನಿಯಲ್ಲಿ ಒಬ್ಬ ಮುದುಕಿಯನ್ನು ನೋಡಿಕೊಳ್ಳುವ ಕೆಲಸಕ್ಕೆ ಆರು ವರ್ಷ ಹೋದಳು. ಮುದುಕಿ ತೀರಿಕೊಂಡ ಮೇಲೆ ಆ ಮನೆಯವರಿಗೆ ನಾಯಿ ಬೇಡವಾಯಿತು. ಇವಳು ಎತ್ತಿಕೊಂಡು ಬಂದಳು. ಅವಳ ಚಪ್ಪಲಿ ಸಪ್ಪಳ ಗಲ್ಲಿಯ ತುದಿಯಲ್ಲಿ ಕೇಳಿದರೆ ಸಾಕು, ಅದು ಒಳಗಿನಿಂದ ಬಾಗಿಲು ಕೆರೆಯುತ್ತಿತ್ತು.

ಹೋದ ವರ್ಷ ಅವಳಿಗೆ ಗರ್ಭಚೀಲದ ಆಪರೇಷನ್ ಆಯಿತು. ಹೊಲಿಗೆ ಮಾಯುವವರೆಗೆ ನಾಯಿ ಮೈಮೇಲೆ ಜಿಗಿಯಬಾರದು ಎಂದರು. ಅವಳ ಆರೈಕೆಗೆ ಪಕ್ಕದ ಮನೆಯ ಚಾಚಿ ನಿಂತರು. ನಾಯಿಯನ್ನು ನಾನು ಕಮಲಾಪುರಕ್ಕೆ ಕರೆತಂದೆ. ಆಸ್ಪತ್ರೆಗೆ ಸೇರುವ ಹಿಂದಿನ ದಿನ, ಹಳೆಯ ಸ್ವೆಟರಿನ ತೋಳು ಕತ್ತರಿಸಿ ಮಾಡಿದ ಒಂದು ಕೊಳವೆಯನ್ನು ಅವಳು ನನ್ನ ಕೈಗೆ ಕೊಟ್ಟಳು.

“ಉಣ್ಣಾಗ ಇದನ್ನ ತಲಿಗಿ ಏರಸು ಅಣ್ಣಾ. ಇಲ್ಲಾಂದ್ರ ಕಿವಿ ತಾಟಿನ್ಯಾಗ ಬೀಳ್ತಾವ. ಗುಂಗುರು ಕೂದಲದಾಗ ಗಾಳಿ ಆಡಂಗಿಲ್ಲ. ಹಸಿ ಉಳೀತಂದ್ರ ಒಳಗ ಕೊಳೀತದ.”

“ಎತ್ತು ಸಾಕಿದಂವ ನಾ. ನಾಯಿ ಸಾಕಾಕ ಬರಂಗಿಲ್ಲೇನು?”

“ಎತ್ತಿನ ಕಿವಿ ಮೇವಿನ್ಯಾಗ ಬೀಳಂಗಿಲ್ಲಣ್ಣ,” ಎಂದು ನಕ್ಕಳು. ನಗುವಾಗ ಹೊಟ್ಟೆ ಹಿಡಿದುಕೊಂಡಳು.

ಕಮಲಾಪುರದ ಬಸ್ ನಿಲ್ದಾಣದ ಹತ್ತಿರ ನಾನು ಬಂಡಿಯ ಮೇಲೆ ಕೆಂಬಾಳೆ ಹಣ್ಣು ಮಾರುತ್ತೇನೆ. ಮನೆಯಲ್ಲಿ ಬಿಟ್ಟರೆ ನಾಯಿ ಅಳುತ್ತಿತ್ತು. ಹೀಗಾಗಿ ಬಂಡಿಯ ಕೆಳಗೆ ಕಟ್ಟುತ್ತಿದ್ದೆ. ಮೊದಲ ದಿನ ಮಧ್ಯಾಹ್ನ ಹಾಲಿನಲ್ಲಿ ರೊಟ್ಟಿ ನೆನೆಸಿ, ತಲೆಗೆ ಆ ತೋಳು ಏರಿಸಿ, ತಾಟು ಮುಂದಿಟ್ಟೆ. ಪಕ್ಕದ ಚಹಾದಂಗಡಿಯವನು ಒಲೆ ಬಿಟ್ಟು ಎದ್ದು ಬಂದ.

“ಏನಪಾ, ಕುಲಾವಿ ಹಾಕೀದಿ! ತೊಟ್ಲದಾಗ ಹಾಕೋದು ಯಾವಾಗ?”

ಚಹಾ ಕುಡಿಯುತ್ತಿದ್ದ ಇನ್ನೊಬ್ಬ, “ಹೆಸರಿಡೋ ದಿನ ನಮಗೂ ಹೇಳ್ರಿ, ಗುಗ್ಗರಿ ತಿನ್ನಾಕ ಬರ್ತೇವಿ. ತಂಗೀ ನಾಯಿ ಅಂದ್ರ ಸೋದರಮಾವ ನೀವೇ ಅಲ್ಲೇನ್ರಿ!” ಎಂದ.

ಎಲ್ಲರೂ ನಕ್ಕರು. ನಾನೂ ನಕ್ಕೆ. ಮರುದಿನ ಆ ತೋಳನ್ನು ಮನೆಯಲ್ಲೇ ಬಿಟ್ಟು ಬಂದೆ. ಮತ್ತೆ ಒಂದು ದಿನವೂ ಹಾಕಲಿಲ್ಲ.

ದಿನಾ ಸಂಜೆ ತಂಗಿಯ ಫೋನು ಬರುತ್ತಿತ್ತು. “ಅದರ ಕಿವಿಗಿ ಹಿಡಿ ಅಣ್ಣಾ,” ಎನ್ನುತ್ತಿದ್ದಳು. ಆ ಕೂದಲು ಸರಿಸಿ ಹಿಡಿಯುತ್ತಿದ್ದೆ. ಅವಳ ದನಿ ಕೇಳಿದೊಡನೆ ನಾಯಿ ಸುತ್ತ ತಿರುಗಿ, ಬಾಲ ಬಡಿದು, ಫೋನನ್ನು ನೆಕ್ಕುತ್ತಿತ್ತು. “ಬಾಲ ಅಳ್ಳಾಡಸ್ತದೇನು?” ಎಂದು ಕೇಳುತ್ತಿದ್ದಳು. ಹೌದು ಎಂದರೆ ಅವಳಿಗೆ ಅಷ್ಟೇ ಸಾಕಾಗುತ್ತಿತ್ತು.

ಎರಡು ವಾರದಲ್ಲಿ ಕಿವಿಗಳು ಹಾಲು ಕುಡಿದು, ಧೂಳು ಹಿಡಿದು, ಹಗ್ಗದಂತೆ ಗಟ್ಟಿಯಾದವು. ನಾಯಿ ತಲೆ ಒಂದು ಕಡೆ ಓರೆ ಮಾಡಿ ಕೂರತೊಡಗಿತು. ಕಿವಿಯಿಂದ ಕೆಟ್ಟ ವಾಸನೆ ಬಂತು. ಆಗಲೂ ತಂಗಿಗೆ ಹೇಳಲಿಲ್ಲ. ದನದ ದವಾಖಾನೆಗೂ ಒಯ್ಯಲಿಲ್ಲ. ನಾವು ಸಣ್ಣವರಿದ್ದಾಗ ಕಿವಿ ನೋವು ಎಂದರೆ ಅವ್ವ ಎಣ್ಣೆಯಲ್ಲಿ ಬೆಳ್ಳುಳ್ಳಿ ಕಾಯಿಸಿ ಹಾಕುತ್ತಿದ್ದಳು. ನಾನೂ ಅದನ್ನೇ ಮಾಡಿದೆ. ಎಣ್ಣೆ ಎಷ್ಟು ಬಿಸಿಯಿತ್ತೆಂದು ಈಗ ನಿಜ ಹೇಳಲು ಆಗದು; ಬೆರಳು ಅದ್ದಿ ನೋಡಿರಲಿಲ್ಲ. ಬಂಡಿಯ ಹಿಂದೆ ಕೂತು ಎರಡೂ ಕಿವಿಗೆ ಸುರಿದೆ. ನಾಯಿ ಕಿರುಚಿದ್ದು ಚಹಾದಂಗಡಿಯವರಿಗೂ ಕೇಳಿತು. ಈ ಸಲ ಯಾರೂ ನಗಲಿಲ್ಲ.

ಮರುದಿನ ಸಂಜೆ ಫೋನು ಕಿವಿಗೆ ಹಿಡಿದರೆ ನಾಯಿ ಸುಮ್ಮನೆ ಮಲಗಿತ್ತು.

“ಬಾಲ ಅಳ್ಳಾಡಸ್ತದೇನಣ್ಣ?”

“ಹ್ಞೂ, ಅಳ್ಳಾಡಸ್ತದ.”

ಅದಾದ ಮೇಲೆ ಹದಿನೈದು ದಿನ ಹೀಗೇ ಹೇಳಿದೆ. ಫೋನು ನಾಯಿಯ ಕಿವಿಗೆ ಹಿಡಿದರೂ ಅವಳ ಮಾತು ನನಗೆ ಕೇಳುತ್ತಿತ್ತು. ನನಗಾಗಲಿ ಚಾಚಿಗಾಗಲಿ ಹೇಳದ್ದನ್ನು ಅವಳು ನಾಯಿಗೆ ಹೇಳುತ್ತಿದ್ದಳು. ಹೊಲಿಗೆ ಕೀವಾಗಿದೆ, ಅಂಜಿಕೆ ಬರುತ್ತದೆ, ನಾನು ಸತ್ತರೆ ನಿನ್ನನ್ನು ಯಾರು ನೋಡಬೇಕು ಎಂದು. ನಾಯಿ ಗೋಡೆ ನೋಡುತ್ತಾ ಬಿದ್ದಿರುತ್ತಿತ್ತು.

ಹಿಂದಿರುಗಿಸುವ ಮೊದಲು ಕುರಿ ತುಪ್ಪಟ ಕತ್ತರಿಸುವ ಕತ್ತರಿ ತಂದು ಆ ಗುಂಗುರನ್ನೆಲ್ಲ ಬೋಳಿಸಿದೆ. ಗಾಜಿಪುರದಲ್ಲಿ ತಂಗಿ ಕೇಳಿದಾಗ, “ಬಿಸಲು ಭಾಳಿತ್ತು, ಅದಕ್ಕ ತೆಗದೆ,” ಎಂದೆ. ತಂಗಿ ಅದನ್ನು ಬೆನ್ನ ಹಿಂದಿನಿಂದ ಕರೆದಳು. ಮತ್ತೊಮ್ಮೆ ಕರೆದಳು. ಅದು ತಿರುಗಲಿಲ್ಲ.

ಮರುದಿನವೇ ಅವಳ ಜೊತೆ ಕಲಬುರಗಿಯ ಒಬ್ಬ ಪಶುವೈದ್ಯರ ಬಳಿಗೆ ಹೋದೆ. ಗೋಡೆಯ ಮೇಲೆ ನಾಯಿಗಳ ಚಿತ್ರಪಟವಿತ್ತು. ತಂಗಿ ಬೆರಳಿಟ್ಟು ಓದಿದಳು: ಪೂಡಲ್, ಕಾಕರ್, ಐರಿಶ್ ವಾಟರ್ ಸ್ಪ್ಯಾನಿಯಲ್. ಎಲ್ಲವಕ್ಕೂ ಕಿವಿ ತುಂಬ ಗುಂಗುರು. “ಇಂಥಾ ಕಿವಿ ಇದ್ದವಕ್ಕ ಇದೇ ತ್ರಾಸ್ರಿ,” ಎಂದರು ಡಾಕ್ಟರು. ಬ್ಯಾಟರಿ ಬೆಳಕು ಬಿಟ್ಟು ಬಹಳ ಹೊತ್ತು ಒಳಗೆ ನೋಡಿದರು. “ಕಿವ್ಯಾಗ ಏನರ ಹಾಕಿದ್ರೇನ್ರಿ?”

ತಂಗಿ ನನ್ನ ಮುಖ ನೋಡಿದಳು.

“ಏನಿಲ್ರಿ. ವಯಸ್ಸಾಗ್ಯದಲ್ರಿ ಅದಕ್ಕ,” ಎಂದೆ.

ಹೊರಗೆ ಬಂದು ಆಟೋ ಕಾಯುವಾಗ ಅವಳು, “ತಪ್ಪು ನಂದೇ ಅಣ್ಣಾ. ಮೊದಲೇ ಕಿವಿ ಮಂದ ಆಗಿರಬೇಕು. ನನ್ನ ಲಕ್ಷ್ಯಕ್ಕೇ ಬರಲಿಲ್ಲ,” ಎಂದಳು. ನಾನು ಕೈ ಎತ್ತಿ ಆಟೋ ನಿಲ್ಲಿಸಿದೆ.

ಹೋದ ತಿಂಗಳು ಗಾಜಿಪುರಕ್ಕೆ ಹೋದಾಗ ಅವಳ ಬಲಗೈಗೆ ಪಟ್ಟಿ ಕಟ್ಟಿತ್ತು. ಮಲಗಿದ್ದ ನಾಯಿಯನ್ನು ಮುಟ್ಟಿದ್ದಾಳೆ. ಅವಳು ಬಂದದ್ದು ಕೇಳದೆ ಬೆದರಿ ಅದು ಕಚ್ಚಿದೆ. “ಅದರದೇನು ತಪ್ಪು, ನಾನೇ ಮುಂದ ಬಂದು ಮುಟ್ಟಬೇಕಿತ್ತು,” ಎಂದು ಎಡಗೈಯಲ್ಲಿ ಅದರ ಕಿವಿ ಬಾಚುತ್ತಿದ್ದಳು. ಅರ್ಧ ಬೆಳೆದ ಕೂದಲು ಮತ್ತೆ ಸುರುಳಿಯಾಗುತ್ತಿತ್ತು. ಆಗ ಎಲ್ಲ ಹೇಳಿದೆ. ಸ್ವೆಟರಿನ ತೋಳು, ಎಣ್ಣೆ, ಕತ್ತರಿ, ಎಲ್ಲ.

ಅವಳು ಎಣ್ಣೆಯ ಬಗ್ಗೆ ಏನೂ ಕೇಳಲಿಲ್ಲ. ಬಾಚುವುದನ್ನು ನಿಲ್ಲಿಸಿ, “ಫೋನಿನ್ಯಾಗ ಬಾಲ ಅಳ್ಳಾಡಸ್ತದ ಅಂತಿದ್ದೆಲ್ಲಣ್ಣ, ಅದು?” ಎಂದಳು.

“ಸುಳ್ಳು.”

“ಎಷ್ಟು ದಿನ?”

“ಹದಿನೈದು.”

“ಹಂಗಾರ ನಾ ಯಾರ ಜೋಡಿ ಮಾತಾಡಿದೆ?”

ಅವಳು ನಾಯಿಯನ್ನು ತೊಡೆಯ ಮೇಲೆ ಬಾಗಿಲ ಕಡೆಗೆ ತಿರುಗಿಸಿಕೊಂಡು ಮತ್ತೆ ಬಾಚತೊಡಗಿದಳು. ತಂದಿದ್ದ ಬಾಳೆಹಣ್ಣು ಮೂಲೆಯಲ್ಲಿಟ್ಟು ಎದ್ದೆ. ಬಾಗಿಲಲ್ಲಿ ನಾನು ಚಪ್ಪಲಿ ಮೆಟ್ಟುವುದನ್ನು ಕಂಡು ನಾಯಿ ಬಾಲ ಅಲ್ಲಾಡಿಸಿತು. ತಂಗಿ ತಲೆ ಎತ್ತಲಿಲ್ಲ.